ಕಣ್ಣು ಮುಚ್ಚಿ ಆರಿಸಿದ ಸ್ಪೀಕರ್

ಇವರೇ,

ನಿಮ್ಮ ಸ್ಪೀಕರ್ ಕೈಕೊಟ್ಟಿತು. ಇವತ್ತು ಹಳೆಯ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಎರಡು ಜೋಡಿ ತೋರಿಸಿ, ದುಬಾರಿಯದನ್ನೇ ಹೊಗಳುತ್ತಿದ್ದ.

"ನಾನು ಕಣ್ಮುಚ್ಕೋತೀನಿ, ಎರಡರಲ್ಲೂ ಒಂದೇ ಹಾಡು ಹಾಕಿ," ಎಂದೆ.

ಒಂದರಲ್ಲಿ ಬರೀ ಅಬ್ಬರ. ಇನ್ನೊಂದರಲ್ಲಿ ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಕಣ್ಣು ಬಿಟ್ಟರೆ ಅದು ಮುಂದಿನ ಬಟ್ಟೆ ಹರಿದ ಅಗ್ಗದ ಜೋಡಿ.

"ಕಿವಿ ಚುರುಕಾಗಿದೆಯಲ್ಲಮ್ಮ," ಎಂದ.

"ನಮ್ಮನೆಯವರದು ಊಟಕ್ಕೆ ಕೂತ್ರೂ ಸ್ಪೀಕರಿನದೇ ಮಾತು," ಎಂದೆ. ನೀವಿಲ್ಲವೆಂದು ಹೇಳಲು ಬಾಯಿ ಬರಲಿಲ್ಲ.

ಅದನ್ನೇ ಕೊಂಡು ತಂದು, ಹರಿದ ಬಟ್ಟೆಗೆ ನಾನೇ ಹೊಲಿಗೆ ಹಾಕಿದೆ. ಸಂಜೆ ನಿಮ್ಮ ಕುರ್ಚಿಯಲ್ಲಿ ಕೂತು ಹಾಡು ಹಾಕಿದೆ. "ಬಾ, ಇಲ್ಲಿ ಕೂತ್ಕೊಂಡು ಕೇಳು," ಎಂದು ನೀವು ಎಷ್ಟು ಸಲ ಕರೆದಿದ್ದಿರಿ! "ಇಲ್ಲಿಗೂ ಕೇಳ್ಸತ್ತೆ ಬಿಡಿ," ಎಂದು ನಾನು ಅಡುಗೆಮನೆಯಿಂದಲೇ ಹೇಳುತ್ತಿದ್ದೆ.

ಈ ಕುರ್ಚಿಯಲ್ಲಿ ಬೇರೆಯೇ ಕೇಳಿಸುತ್ತದೆ ಕಣ್ರೀ.