ಅಮ್ಮನ ಗೂಡಿನಲ್ಲಿ ಇನ್ನೊಂದು ಜಾಗ

ವಿಂಟರ್‌ಥೂರ್
ಅಕ್ಟೋಬರ್ 22, 2024, ಮಂಗಳವಾರ

ಪ್ರೀತಿಯ ತಮ್ಮ ಎಲ್ವೇಟ್ಸಿಯೊ,

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ನೀನು ಮುಖ ಕಿವುಚುತ್ತೀ ಎಂದು ನಿನ್ನ ಹೆಂಡತಿ ಜುಲೈನಲ್ಲಿ ಕಳಿಸಿದ ಕಾರ್ಡಿನಲ್ಲಿ ಬರೆದಿದ್ದಳು. ಅಪ್ಪನಿಗೂ ಇದೇ ವಯಸ್ಸಿನಲ್ಲಿ ಅದೇ ಮೊಣಕಾಲು ಕೈಕೊಟ್ಟಿತ್ತು. ಅಲ್ಲಿ ಮೊಂಟೆವಿಡಿಯೊದಲ್ಲಿ ಈಗ ಚಳಿ ಬಿಟ್ಟಿರಬೇಕು, ಸ್ವಲ್ಪ ಬಿಸಿಲಿಗೆ ಕಾಲು ಚಾಚಿಕೊಂಡು ಕೂರು. ನನಗೆ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಈಗಲೂ ಬೆಳಗಿನ ಆರು ಗಂಟೆಯ ಪಾಳಿ. ಮನೆಗೆ ಬಂದವಳು ಕೋಟು ಬಿಚ್ಚದೆ ಕುರ್ಚಿಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತಿರುತ್ತೇನೆ. ಅದಕ್ಕೆ ಔಷಧಿ ಇಲ್ಲ, ಇನ್ನು ಮೂರು ವರ್ಷಕ್ಕೆ ನಿವೃತ್ತಿ ಇದೆ.

ಶನಿವಾರ, ಭಾನುವಾರ ಸರೋವರದ ದಡದ ನಮ್ಮೂರು ಬ್ರಿಸ್ಸಾಗೊಗೆ ಹೋಗಿದ್ದೆ. ಏಕೆಂದು ನಿನಗೆ ಗೊತ್ತು; ಈ ವರ್ಷ ಅದನ್ನು ಮೂರು ಪತ್ರಗಳಲ್ಲಿ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಅಪ್ಪನನ್ನು ಮಣ್ಣು ಮಾಡಿ ಇಪ್ಪತ್ತೈದು ವರ್ಷ ತುಂಬಿತು, ಸಮಾಧಿಯ ಜಾಗದ ಅವಧಿ ಮುಗಿಯಿತು. ಸ್ಮಶಾನದ ಗೇಟಿಗೆ ಅಂಟಿಸಿದ ಪಟ್ಟಿಯಲ್ಲಿ ಅವನ ಸಾಲಿನ ಹೆಸರುಗಳೆಲ್ಲ ಇವೆ. ಮನೆಯವರು ಈ ತಿಂಗಳೊಳಗೆ ಏನಾದರೂ ಹೇಳದಿದ್ದರೆ ಕಲ್ಲನ್ನು ತೆಗೆಯುತ್ತಾರೆ, ಅಸ್ಥಿಯನ್ನು ಎಲ್ಲರ ಅಸ್ಥಿಯ ಜೊತೆ ಒಂದೇ ಗುಂಡಿಗೆ ಹಾಕುತ್ತಾರೆ. ಬೇರೆ ಏರ್ಪಾಡಾಗಬೇಕಾದರೆ ಮಕ್ಕಳಿಬ್ಬರ ಸಹಿ ಬೇಕು. ಸ್ಮಶಾನದ ಗೋಡೆಯಲ್ಲಿ ಅಮ್ಮನ ಬೂದಿ ಇಟ್ಟಿರುವ ಗೂಡಿನಲ್ಲಿ ಒಂದು ಸಣ್ಣ ಪೆಟ್ಟಿಗೆಗೆ ಜಾಗ ಇದೆ. ಏಳು ವರ್ಷದ ಹಿಂದೆ ಅಮ್ಮ ತನ್ನ ಕೊನೆಯ ವಾರ ಹೇಳಿದ್ದನ್ನು ನಾನು ಮರೆತಿಲ್ಲ: "ನನ್ನನ್ನ ಅವನ ಪಕ್ಕ ಇಡಬೇಡಿ. ಅವನು ಆ ದಡದ ಗುರುವಾರದ ಹೆಂಡತಿ ಜೊತೆ ಇರಲಿ." ಪ್ರತಿ ಗುರುವಾರ ಅಪ್ಪನ ದೋಣಿ ಆ ದಡದ ಹೆಂಗಸಿನ ಮನೆ ಮುಂದೆ ನಿಲ್ಲುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ನೀನು ಅಮ್ಮನ ಕೈ ಹಿಡಿದು ಹೂಂ ಎಂದೆ. ನಾನು ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದೆ.

ರೈಲಿನ ತುಂಬ ಬೆಟ್ಟ ಹತ್ತುವವರು, ಅವರ ಕೋಲುಗಳು. ಸುರಂಗದ ಈ ಕಡೆ ಮಳೆ, ಆ ಕಡೆ ಎಂದಿನಂತೆ ಬಿಸಿಲು. ಲೊಕಾರ್ನೊದಲ್ಲಿ ಕಾಫಿ ಕೇಳಿದರೆ ಮಾಣಿ ನನಗೆ ಜರ್ಮನ್‌ನಲ್ಲಿ ಉತ್ತರ ಕೊಟ್ಟ. ನಾನು ಕೇಳಿದ್ದು ನಮ್ಮೂರಿನ ಭಾಷೆಯಲ್ಲೇ. ತಿದ್ದುವಷ್ಟು ತ್ರಾಣವಿರಲಿಲ್ಲ, ಜರ್ಮನ್‌ನಲ್ಲೇ ಥ್ಯಾಂಕ್ಸ್ ಹೇಳಿ ಬಸ್ಸು ಹತ್ತಿದೆ. ಪಿಯೆರೀನಾ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಎಂಬತ್ತೊಂದಾದರೂ ನಾಲಿಗೆ ಮಾತ್ರ ಅಮ್ಮನ ತಂಗಿಯದೇ. "ಬಂತು ನೋಡು ಉತ್ತರದ ಕುಂಬಳಕಾಯಿ! ಏನೇ ಇದು ಕೋಟು, ಹಿಮ ಬೀಳುತ್ತೆ ಅಂದ್ಕೊಂಡ್ಯಾ?" ಎಂದಳು. ತಾಮ್ರದ ಪಾತ್ರೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದವಳು ಸೌಟನ್ನು ನನ್ನ ಕೈಗೆ ಕೊಟ್ಟು, "ನಲವತ್ತು ನಿಮಿಷ. ನಿಲ್ಲಿಸಿದ್ರೆ ತಳ ಹತ್ತುತ್ತೆ. ಆಯಾಸ ಅಂತ ಪೊಲೆಂಟಾಗೆ ಹೇಳಬೇಡ, ಅದಕ್ಕೆ ಕೇಳ್ಸಲ್ಲ" ಎಂದು ತಾನು ಕೂತುಬಿಟ್ಟಳು. ಅಪ್ಪನ ವಿಷಯ ಎತ್ತಿದಾಗ ಮಾತ್ರ ಚೀಸ್ ತುರಿಯಲು ಎದ್ದಳು.

ಊಟವಾದ ಮೇಲೆ ಒಬ್ಬಳೇ ಸ್ಮಶಾನಕ್ಕೆ ಹತ್ತಿದೆ. ಸ್ಮಶಾನ ನೋಡಿಕೊಳ್ಳುತ್ತಿರುವುದು ಈಗಲೂ ತಾರ್ಚೀಸಿಯೊನೇ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚಿನಲ್ಲಿ ಕೂತು ಜಡೆ ಎಳೆಯುತ್ತಿದ್ದನಲ್ಲ, ಅವನು. ಇಪ್ಪತ್ತೈದು ವರ್ಷದಿಂದ ನಾನೂ ನೀನೂ ದೂರದಲ್ಲಿದ್ದೇವೆ, ಅಪ್ಪನ ಕಲ್ಲು ಪಾಚಿಗಟ್ಟಿರುತ್ತದೆ ಎಂದು ಚೀಲದಲ್ಲಿ ಬ್ರಷ್ ಇಟ್ಟುಕೊಂಡು ಹೋಗಿದ್ದೆ. ಪಾಚಿ ಇತ್ತು. ಆದರೆ ಏಳು ವರ್ಷದ್ದು ಮಾತ್ರ, ತೆಳ್ಳಗೆ. ಅದರ ಕೆಳಗೆ ಕಲ್ಲು ಅಡುಗೆಮನೆಯ ಕಟ್ಟೆಯಂತೆ ನುಣ್ಣಗಿತ್ತು, ಹೆಸರಿನ ಅಕ್ಷರಗಳ ಅಂಚು ಸವೆದಿತ್ತು. ತಾರ್ಚೀಸಿಯೊ ಗುದ್ದಲಿಗೆ ಒರಗಿ ನಿಂತು ನಕ್ಕ. "ನಿಮ್ಮಮ್ಮ ಉಜ್ಜಿದ್ದು ಕಣೇ ಅದು. ಪ್ರತಿ ಶನಿವಾರ, ಬಕೆಟ್ಟು, ಕಪ್ಪು ಸೋಪು. ಉಜ್ಜೋದು, ಬೈಯೋದು. ಸತ್ತಿರೋ ನಿಮ್ಮಪ್ಪನಿಗೆ ಅವಳು ಬೈದಷ್ಟು ಬದುಕಿರೋ ನನಗೆ ನನ್ನ ಹೆಂಡ್ತಿನೂ ಬೈದಿಲ್ಲ." ಏನೆಂದು ಬೈಯುತ್ತಿದ್ದಳು ಎಂದು ಕೇಳಿದೆ. ದೋಣಿಯ ಕೆಲಸ, ಆ ದಡದ ಹೆಂಗಸು, ಮೊಣಕಾಲಿಗೆ ಔಷಧಿ ಹಚ್ಚದ ಸೋಮಾರಿತನ, ಎಲ್ಲ. ಕೊನೆಗೆ ಯಾವಾಗಲೂ ಒಂದೇ ಮಾತಂತೆ: "ಈ ವಾರನೂ ನಿನ್ನ ಮಗ ಫೋನ್ ಮಾಡ್ಲಿಲ್ಲ." ಆಮೇಲೆ ಕಲ್ಲಿನ ಅಂಚಿನ ಮೇಲೆ ಕೂತು ಬ್ರೆಡ್ಡು ತಿಂದು ಬಸ್ಸಿಗೆ ಇಳಿಯುತ್ತಿದ್ದಳಂತೆ.

ನಿನ್ನನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನಾನೂ ತಿಂಗಳಿಗೊಮ್ಮೆ ಫೋನ್ ಮಾಡಿ, ಹವಾಮಾನ ಕೇಳಿ ಇಡುತ್ತಿದ್ದವಳೇ. ತಾರ್ಚೀಸಿಯೊ ಇನ್ನೊಂದು ಹೇಳಿದ. ಅಮ್ಮ ಒಮ್ಮೆ, ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ, ಅಸ್ಥಿಯ ಗುಂಡಿ ಎಲ್ಲಿ, ತೋರಿಸು ಎಂದಳಂತೆ. ತೋರಿಸಿದ. ಅವಳು ಮುಚ್ಚಳದ ಕಬ್ಬಿಣದ ಬಳೆಯನ್ನು ಕಾಲಿನಿಂದ ತಟ್ಟಿ ನೋಡಿ, "ಇಷ್ಟೊಂದು ಜನರಲ್ಲಿ ಇವನನ್ನ ಹೇಗಯ್ಯಾ ಹುಡುಕೋದು?" ಎಂದು ಕೇಳಿದಳಂತೆ. ನಾನು ಬ್ರಷ್ಷನ್ನು ಚೀಲಕ್ಕೆ ಹಾಕಿಕೊಂಡೆ. ಚಿಕ್ಕಮ್ಮನ ಮನೆಗೆ ಬಂದು, "ನಿನಗೆ ಇದು ಗೊತ್ತಿತ್ತೇ?" ಎಂದು ಅವಳನ್ನು ಕೇಳಿದೆ. "ಗೊತ್ತಿಲ್ದೆ ಏನು? ಬಕೆಟ್ಟು ನಂದೇ" ಎಂದಳು. "ಮಕ್ಕಳಿಗೆ ಹೇಳಿದ್ರೆ ನಿನ್ನ ಮುಖ ನೋಡಲ್ಲ ಅಂದಿದ್ಲು. ಈಗ ಹೇಗೂ ನೋಡಲ್ವಲ್ಲ."

ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ, ಸರೋವರದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನದ ಬಸ್ಸಿಗೆ ಹೊರಟೆ. ಚಿಕ್ಕಮ್ಮ ಎರಡು ಕಿಲೋ ಚೆಸ್ಟ್‌ನಟ್ ಹೊರಿಸಿದಳು. ಇನ್ನೂ ಚೀಲದಲ್ಲೇ ಇವೆ. ಸೀಳಿ ಸುಡಬೇಕು, ಇವತ್ತು ಕೈ ಏಳುತ್ತಿಲ್ಲ. ರೈಲಿನಲ್ಲಿ ಸುರಂಗ ಮುಗಿಯುವವರೆಗೂ ನಿದ್ದೆ ಮಾಡಿದೆ. ಎಚ್ಚರವಾದಾಗ ಈ ಕಡೆಯ ಮಳೆ ಗಾಜಿನ ಮೇಲಿತ್ತು. ದಣಿವು ಇನ್ನೂ ಇಳಿದಿಲ್ಲ, ಆದರೆ ಇದು ಲಾಂಡ್ರಿಯ ದಣಿವಲ್ಲ.

ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ಚಿಕ್ಕಮ್ಮ ನಿನ್ನ ಹಣೆಗೆ ಒಂದು ಮುತ್ತು ಮತ್ತು ಬೆನ್ನಿಗೆ ಒಂದು ಗುದ್ದು ಕಳಿಸಿದ್ದಾಳೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಡೆಲ್ಫೀನಾ

ಮರೆತ ಮಾತು: ಅಪ್ಪನನ್ನು ಅಮ್ಮನ ಗೂಡಿಗೆ ಸೇರಿಸುವ ಅರ್ಜಿಯನ್ನು ಭಾನುವಾರವೇ ನಗರಸಭೆಯ ಡಬ್ಬಿಗೆ ಹಾಕಿಬಂದೆ. ಎರಡು ಸಹಿಯೂ ಇದೆ. ಐದನೇ ತರಗತಿಯಲ್ಲಿ ನಿನ್ನ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಕೊಟ್ಟವಳು ನಾನೇ ಅಲ್ಲವೇ. ಈ ಸಲ ಅಪ್ಪನಿಗಾಗಿ ನಿನ್ನದನ್ನು ಹಾಕಿದೆ. ಅಮ್ಮನಿಗೆ ಹೂಂ ಎಂದವನು ನೀನು, ಸಹಿ ಹಾಕಿದವಳು ನಾನು. ಆದ್ದರಿಂದ ಮಾತು ತಪ್ಪಿದವರು ಯಾರೂ ಇಲ್ಲ. ಬೇಡವೆನ್ನುವವರು ಹತ್ತು ದಿನದೊಳಗೆ ತಿಳಿಸಬೇಕಂತೆ. ಫೋನ್ ಮಾಡಬಹುದಿತ್ತು, ಗೊತ್ತು. ಪತ್ರ ನಿನ್ನ ಕೈ ಸೇರಲು ಹದಿನೈದು ದಿನವಾದರೂ ಬೇಕು, ಅದೂ ಗೊತ್ತು. ನೀನು ಇದನ್ನು ಓದುವ ಹೊತ್ತಿಗೆ ಅವರಿಬ್ಬರೂ ಜಗಳ ಶುರುಮಾಡಿರುತ್ತಾರೆ.