ಮೇಲಿನ ಸಾಲಿನ ಬಾಟಲಿ

ಮಂಗಳವಾರ, ಪ್ರಯೋಗಾಲಯದ ಹಿಂದಿನ ಮೆಟ್ಟಿಲು

…ಸಂದರ್ಶನದ ಅಭ್ಯಾಸ ಅಂತ ಬೆಳಿಗ್ಗೆಯಿಂದ ಅದೊಂದೇ ಉತ್ತರ ಹದಿನಾಲ್ಕು ಸಲ ಹೇಳಿಸಿದಾರೆ, ಗಂಟಲು ಕಟ್ಟಿಹೋಗಿದೆ, ನನ್ನ ಮುದ್ದಿನ ಅಕ್ಕಾ! ಮೊದಲು ನಿನ್ನ ಸಮಾಚಾರ ಹೇಳು. ಮಂಡಿನೋವು ಹೇಗಿದೆ? ಬಸ್ಸಲ್ಲಿ ಇಡೀ ದಿನ ನಿಂತೇ ಟಿಕೆಟ್ ಹರೀತೀಯಲ್ಲ, ಕಂಡಕ್ಟರ್ ಸೀಟು ಇರೋದು ಯಾತಕ್ಕೆ? ಅಪ್ಪ ಮಾತ್ರೆ ನುಂಗ್ತಿದಾರಾ, ಇಲ್ಲ ಮತ್ತೆ ಹೂಕುಂಡಕ್ಕೆ ಹಾಕ್ತಿದಾರಾ? ಈ ವಾಯ್ಸ್ ನೋಟ್ ಉದ್ದ ಆಗುತ್ತೆ, ಡಿಪೋಗೆ ಹೋದ್ಮೇಲೆ ಕೇಳು. ಪ್ರಯಾಣಿಕರ ಮುಂದೆಲ್ಲ ಹಾಕ್ಬೇಡ ತಾಯಿ.

ನಾಳೆ ಸಂದರ್ಶನ. ಮೂರು ಜನರ ಪುಟ್ಟ ತಂಡಕ್ಕೆ ಮುಖ್ಯಸ್ಥೆ ಆಗೋದು. ನಮ್ಮಂಥ ಹೊರದೇಶದಿಂದ ಬಂದೋರು ಬರೀ ಕೈಕೆಲಸದಲ್ಲೇ ಉಳಿದುಹೋಗ್ತಾರೆ ಅಂತ ಇಲ್ಲೊಂದು ಯೋಜನೆ ಇದೆ. ಒಬ್ಬೊಬ್ಬರಿಗೂ ಒಬ್ಬ ಹಿರಿಯ ವಿಜ್ಞಾನಿ, ಮುಂದಾಳಾಗೋದು ಹೇಗೆ ಅಂತ ಹೇಳಿಕೊಡೋಕೆ. ನನಗೆ ಸಿಕ್ಕಿರೋ ಮೇಡಂ ಕೂಡ ಹೊರಗಿಂದ ಬಂದೋರೇ. ನಾನು ಸಭೇಲಿ ಬಾಯೇ ಬಿಡಲ್ಲ ಅನ್ನೋದು ಅವರ ಮೊದಲ ದೂರು. ನಗ್ಬೇಡ! ಊಟಕ್ಕೆ ಕೂತಾಗ "ಇವಳ ಬಾಯಿಗೆ ಯಾರಾದ್ರೂ ಬೀಗ ಹಾಕ್ರೋ" ಅಂತಿದ್ದೋಳು ನೀನು. ಇಲ್ಲಿ ಕೆಲವು ದಿನ ನಾನು ಮಾತಾಡೋದು ಜೀವಕೋಶಗಳ ಜೊತೆ ಮಾತ್ರ. ಅವಕ್ಕೆ ಆಹಾರ ಹಾಕ್ತಾ, ತಿನ್ರೋ, ಬೆಳೀರೋ ಅಂತ.

ಆ ಕೋಶಗಳೇ ಎರಡು ತಿಂಗಳು ಸುಮ್ಸುಮ್ನೆ ಸಾಯ್ತಿದ್ವಲ್ಲ, ಕಾರಣ ಸಿಕ್ಕಿದ್ದು ಹೇಗೆ ಅಂತ ನಿನಗೆ ಪೂರ್ತಿ ಹೇಳಿರ್ಲಿಲ್ಲ. ಇಲ್ಲಿ ಗಾಜಿನ ಸಾಮಾನು ತೊಳೆಯೋ ಆಂಟಿ ಇದಾರೆ, ನನ್ನ ಜೊತೆ ಊಟಕ್ಕೆ ಕೂರೋದು ಅವರೊಬ್ಬರೇ. ಒಂದಿನ ತೊಳೆದ ಬಾಟಲಿಗೇ ನೀರು ಹಾಕಿ ಕುಲುಕಿ ತೋರಿಸಿದ್ರು: "ಮೇಲಿನ ಸಾಲಿಂದು ನೊರೆ ಕಟ್ಟುತ್ತೆ ನೋಡೇ ಹುಡುಗಿ. ತೊಳೆಯೋ ಯಂತ್ರದ ನೀರು ಅಲ್ಲಿಗೆ ಏರ್ತಿಲ್ಲ. ನಾನು ಹೇಳಿದ್ರೆ ಯಾರು ಕೇಳ್ತಾರೆ, ತೊಳೆಯೋಳು." ನಾನು ಮೂರು ವಾರ ಮೇಲಿನ ಸಾಲಿನ ಬಾಟಲಿ, ಕೆಳಗಿನ ಸಾಲಿನ ಬಾಟಲಿ ಬೇರೆ ಬೇರೆ ಇಟ್ಟು ಕೋಶ ಬೆಳೆಸಿ ನೋಡಿದೆ. ಮೇಲಿನವುಗಳಲ್ಲಿ ಕೋಶ ಸತ್ತವು, ಕೆಳಗಿನವುಗಳಲ್ಲಿ ಬದುಕಿದವು. ಸೋಪಿನ ಪಸೆ, ಅಷ್ಟೇ.

ಮೇಡಂ ಈ ಕಥೆ ಕೇಳಿ ಕುಣಿದಾಡಿದ್ರು, ಸಂದರ್ಶನದಲ್ಲಿ ಇದನ್ನೇ ಹೇಳು ಅಂದ್ರು. ಆದರೆ ನಾನು ಬರೆದಿದ್ದ "ನಾವು" ಮೇಲೆಲ್ಲ ಕೆಂಪು ಗೀಟು. "ನಾನು ಮೂವತ್ತು ವರ್ಷ ನಾವು ನಾವು ಅಂದ್ಕೊಂಡೇ ಬಂದೆ. ಕೆಲಸ ನನ್ನದು, ಹೆಸರು ಇನ್ನೊಬ್ಬರದು. ನಿನಗೆ ಹಾಗಾಗಬಾರದು" ಅಂದ್ರು. ಅವರ ಕಣ್ಣಲ್ಲಿ ನೀರಿತ್ತು ಅಕ್ಕಾ, ನಾನು ಒಂದೊಂದೇ "ನಾವು" ಹೊಡೆದುಹಾಕಿ "ನಾನು" ಅಂತ ಬರೆದೆ. ಇವತ್ತು ಹದಿನಾಲ್ಕನೇ ಸಲಕ್ಕೆ ಸರಾಗವಾಗಿ ಬಂತು: ನಾನು ಗಮನಿಸಿದೆ, ನಾನು ಕುಲುಕಿ ನೋಡಿದೆ, ನಾನು ಕಂಡುಹಿಡಿದೆ. ಮೇಡಂ ಚಪ್ಪಾಳೆ ತಟ್ಟಿದ್ರು. ತಿರುಗಿ ನೋಡಿದ್ರೆ ಬಾಗಿಲಲ್ಲಿ ಗಾಡಿ ಹಿಡ್ಕೊಂಡು ಆಂಟಿ. "ಚೆನ್ನಾಗಿ ಹೇಳಿದ್ರಿ ಮೇಡಂ" ಅಂದ್ರು. ನನಗೆ! ಮಧ್ಯಾಹ್ನ ಊಟಕ್ಕೆ ಬರ್ಲಿಲ್ಲ. ಎದುರಿನ ಕುರ್ಚಿ ಖಾಲಿ, ನಾನು ಅಗಿಯೋ ಸದ್ದು ನನಗೇ ಕೇಳಿಸ್ತಿತ್ತು.

ಸರಿ, ಅಪ್ಪನಿಗೆ ನಮಸ್ಕಾರ ಹೇಳು. ನಿನ್ನ ಮಗಳ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ

ಇನ್ನೊಂದು ಮರೆತೆ. ಇಲ್ಲ, ಮರೆತಿಲ್ಲ, ಹೇಳೋಕೆ ಆಗ್ಲಿಲ್ಲ. ಅರ್ಜಿ ಹೋದ ವಾರವೇ ಕಳಿಸಿಬಿಟ್ಟಿದೀನಿ, ಅದರಲ್ಲೂ ಎಲ್ಲ ನಾನು, ನಾನು. ನಾಳೆ ಒಂಬತ್ತಕ್ಕೆ ಅವರ ಮುಂದೆ ಬಾಟಲಿ ಕುಲುಕಿದ್ದು ಯಾರು ಅಂತ ಹೇಳ್ತೀನಿ. ಅರ್ಜೀಲಿ ಒಂದು, ಬಾಯಲ್ಲಿ ಒಂದು ಅಂತ ಹುದ್ದೆ ತಪ್ಪಿದ್ರೆ ತಪ್ಪಲಿ. ಆದರೆ ಅದಕ್ಕೂ ಮೊದಲು ಆಂಟಿಗೆ ಹೇಳ್ಬೇಕು. ಅವರು ಬೆಳಿಗ್ಗೆ ಆರಕ್ಕೆ ಬರ್ತಾರೆ. ಇಲ್ಲಿನ ಭಾಷೇಲಿ ಕ್ಷಮೆ ಕೇಳೋಕೆ ನನಗೆ ಗೊತ್ತಿರೋದು ಯಾರದಾದ್ರೂ ಕಾಲು ತುಳಿದಾಗ ಅನ್ನೋ ಕ್ಷಮಿಸಿ ಮಾತ್ರ. ತೊಳೆಯೋ ಕೋಣೆ ಬಾಗಿಲು ತಟ್ಟೋವರೆಗೆ ನೀನು ಲೈನಲ್ಲಿರು, ಏನೂ ಮಾತಾಡ್ಬೇಡ, ಇದ್ರೆ ಸಾಕು. ನಿನಗೆ ಆಗ ಹತ್ತೂಕಾಲು, ಎರಡನೇ ಟ್ರಿಪ್ ಮುಗಿದಿರುತ್ತೆ. ನನ್ನ ಗಡಿಯಾರದಲ್ಲಿ ಐದೂಮುಕ್ಕಾಲು. ಐದೂಮುಕ್ಕಾಲಿಗೆ ಫೋನ್ ಮಾಡು.