ಬೀಗ ಹಾಕಿದ ಮನೆಗೆ ಐದು ಸ್ಟಾರ್

ಮಂಗಳವಾರ, ಬೆಳಗ್ಗೆ

ಪ್ರೀತಿಯ ತಮ್ಮಾ,

ಕಳೆದ ತಿಂಗಳ ಎರಡನೇ ಭಾನುವಾರ ನೀನು ನಮ್ಮನ್ನೆಲ್ಲ ಕೆರೆಯ ದಂಡೆಗೆ ವಿಹಾರಕ್ಕೆ ಕರೆದೊಯ್ದು ಮೋಸ ಮಾಡಿದೆ. ಮೋಸ ಎಂಬ ಮಾತನ್ನು ಅಳೆದು ತೂಗಿಯೇ ಬರೆದಿದ್ದೇನೆ.

ಅಂದು ಬಸ್ಸಿನಲ್ಲಿ ನಾನೂ ಹಾಡಿದವಳೇ. ನೀನು ನಮ್ಮ ಕಟ್ಟಡದ ಸಂಘಕ್ಕೆ ಅಧ್ಯಕ್ಷನಾದ ಮೇಲೆ ಎಲ್ಲ ಮನೆಯವರೂ ಒಟ್ಟಿಗೆ ಹೊರಟದ್ದು ಅದೇ ಮೊದಲು. ಹೊರಡುವಾಗ ಫ್ರಿಜ್ಜನ್ನೂ ಆರಿಸಿ ಬನ್ನಿ ಅಂದೆ. ಮುಂಜಾಗ್ರತೆ ಇರಬೇಕು ಅಂದುಕೊಂಡೆ. ಆದರೆ ಎಲ್ಲಕ್ಕೂ ಮೇಲಿನ ಮಹಡಿಯ ಮೂಲೆಮನೆಯ ಟೈಲರ್ ಹೆಂಗಸನ್ನು ಕರೆಯಲು ನೀನೇ ಮೆಟ್ಟಿಲು ಹತ್ತಿದ್ದು ಆಗಲೇ ಮುಳ್ಳಿನಂತೆ ಚುಚ್ಚಿತ್ತು. ಬಾಡಿಗೆಯವಳೆಂದು ಒಂದು ಲೋಟ ಚಹಾಕ್ಕೂ ಆಕೆಯನ್ನು ಕರೆಯದವನಿಗೆ ಅಷ್ಟೊಂದು ಅಕ್ಕರೆ ಎಲ್ಲಿಂದ ಉಕ್ಕಿತು?

ಉತ್ತರ ಮೊನ್ನೆ ಸಿಕ್ಕಿತು. ಗೇಟಿನಲ್ಲಿ 'ವಿದ್ಯುತ್ ಉಳಿಸುವ ಕಟ್ಟಡ, ಐದು ಸ್ಟಾರ್' ಎಂಬ ಬೋರ್ಡು ತೂಗುಹಾಕಿದ್ದೀಯಲ್ಲ, ಅದಕ್ಕಾಗಿ ಪರೀಕ್ಷಕರು ಬಂದದ್ದು ಅದೇ ಭಾನುವಾರವಂತೆ. ಅವರ ಜೊತೆ ಓಡಾಡಿದ ಕಾವಲುಗಾರನೇ ಹೇಳಿದ. ಮೀಟರುಗಳು ಉಸಿರು ಕಟ್ಟಿದಂತೆ ನಿಂತಿದ್ದವು. ಮೂಲೆಮನೆಗೆ ಬೀಗ. ತೆರೆದಿದ್ದದ್ದು ನೆಲಮಹಡಿಯ ನಿನ್ನ ತಂಪು ಮನೆಯೊಂದೇ. ನಿನ್ನ ಹೆಂಡತಿ ತಲೆನೋವೆಂದು ಉಳಿದುಕೊಂಡಿದ್ದಳಲ್ಲ. ಮೇಲಿನ ಮನೆಯೂ ಹೀಗೇ ತಂಪಾಗಿರುತ್ತದೆ ಎಂದು ಅವಳು ಹೇಳಿದಳು, ಅವರು ಬರೆದುಕೊಂಡರು.

ಛಾವಣಿಯ ಸೋಲಾರ್ ಪ್ಯಾನೆಲ್‌ಗಳ ಕರೆಂಟು ಮಾರಿ ಬರುವ ಆದಾಯದಲ್ಲಿ ಮೊದಲು ಆ ಟೈಲರ್ ಹೆಂಗಸಿನ ಮನೆಯ ಮೇಲೆ ಶಾಖ ತಡೆಯುವ ಲೇಪ ಹಾಕಿಸುವುದೆಂದು ನಾವೆಲ್ಲ ಕೈಯೆತ್ತಿ ಒಪ್ಪಿದ್ದೆವು. ಪ್ಯಾನೆಲ್‌ಗಳ ನೆರಳೂ ಬೀಳದ ಮೂಲೆ ಅದು. ಈಗ ನೀನು, ಐದು ಸ್ಟಾರ್ ಕಟ್ಟಡಕ್ಕೆ ಲೇಪ ಯಾಕೆ, ಆದಾಯವನ್ನು ಮಾಲೀಕರೇ ಹಂಚಿಕೊಳ್ಳೋಣ ಅನ್ನುತ್ತಿದ್ದೀಯ.

ನಿನ್ನೆ ಮಧ್ಯಾಹ್ನ ಆಕೆಯ ಮನೆಗೆ ಹೋಗಿದ್ದೆ. ಗೋಡೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ. ಒದ್ದೆ ಬಟ್ಟೆಯ ಮೇಲೆ ಮಲಗಿದ್ದ ಮಗುವಿಗೆ ಮೈತುಂಬ ಬೆವರುಸಾಲೆ. ಲೇಪ ಬೀಳದಿದ್ದರೆ ಮನೆ ಬಿಡುವುದೊಂದೇ ದಾರಿ ಎಂದಳು. ಆಮೇಲೆ ನಕ್ಕು, "ನಿಮ್ಮ ತಮ್ಮ ಸುಳ್ಳೇನೂ ಹೇಳಿಲ್ಲ ಬಿಡಿ ಅಕ್ಕಾ, ಮಧ್ಯಾಹ್ನ ಮಿಷನ್ ಮುಂದೆ ಕೂತರೆ ನನಗೂ ನಕ್ಷತ್ರ ಕಾಣ್ತವೆ" ಅಂದಳು. ನನಗೆ ನಗು ಬರಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಬಂದ ದಿನ ನೀನು ತರಗತಿಯ ಲೀಡರ್. ಓದಲು ತಡವರಿಸುವ ಮೂವರಿಗೆ ಇವತ್ತು ರಜೆ, ಮೇಷ್ಟ್ರು ಹೇಳಿದ್ದಾರೆ ಎಂದು ಗೇಟಿನಿಂದಲೇ ವಾಪಸು ಕಳಿಸಿದೆ. ತರಗತಿ ಶಾಲೆಗೇ ಮೊದಲು ಬಂತು. ನಿನಗೊಂದು ಪೆನ್ನು ಬಂತು. ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿದಳು.

ಅಕ್ಕತಮ್ಮಂದಿರ ಜಗಳವೆಂದು ಇದನ್ನು ಮುಚ್ಚಿಹಾಕಲು ನಾನು ಸಿದ್ಧಳಿಲ್ಲ. ಈ ಪತ್ರದ ಪ್ರತಿಯನ್ನು ನಿನ್ನ ಬೋರ್ಡಿನ ಕೆಳಗೇ ಅಂಟಿಸಿದ್ದೇನೆ. ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಸಭೆ ಕರೆ. ಆಕೆಯ ಮನೆಯಲ್ಲೇ, ಫ್ಯಾನು ಆರಿಸಿ. ಆ ಮನೆಗೆ ಅಂದು ಬೀಗ ಬೀಳುವಂತೆ ಮಾಡಿದ್ದು ಯಾಕೆ? ಎಲ್ಲರೆದುರು ಹೇಳು.

ಇಂತಿ,
ಎರಡನೇ ಮಹಡಿಯ ನಿನ್ನ ಅಕ್ಕ

ತಾ.ಕ.: ಇದಿಷ್ಟು ಪ್ರತಿಯಲ್ಲಿಲ್ಲ, ನಿನಗೆ ಮಾತ್ರ. ಫೇಲಾಗಿ ನಿನ್ನ ತರಗತಿಗೇ ಬಂದು ಕೂತಿದ್ದ ನಾನೂ ಆ ಮೂವರಲ್ಲಿ ಒಬ್ಬಳೆಂಬುದು ನಿನಗೆ ನೆನಪಿದೆಯೋ ಇಲ್ಲವೋ. ಇಷ್ಟು ಬೇಗ ಯಾಕೆ ಬಂದೆ ಎಂದು ಅಮ್ಮ ಕೇಳಿದಾಗ ಹೊಟ್ಟೆನೋವು ಅಂದಿದ್ದೆ. ಈ ಸಲ ಅನ್ನುವುದಿಲ್ಲ.